ಸೊನ್ನೆ ನಿಮಿಷದಲ್ಲಿ ಬರುವ ಆಂಬುಲೆನ್ಸ್

ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ. ಇದನ್ನು ನಿಮಗೆ ಪ್ರೈಮರಿ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಹತ್ತು ಇಡ್ಲಿಯನ್ನು ಐದು ಜನಕ್ಕೆ ಹಂಚಿದರೆ ತಲೆಗೆ ಎರಡು. ಯಾರೂ ಕೂತಿರದ ಪಂಕ್ತಿಗೆ ಹಂಚಿದರೆ ತಲೆಗೆ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆಯಲ್ಲ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಮೇಷ್ಟರು ಇಷ್ಟು ಹೇಳಿ ಮುಂದಿನ ಲೆಕ್ಕಕ್ಕೆ ಹೋದರು, ನಾವೂ ಹೋದೆವು.

ಕಂಪ್ಯೂಟರಿಗೂ ಇದು ಗೊತ್ತು. ಸೊನ್ನೆಯಿಂದ ಭಾಗಿಸು ಎಂದರೆ ಅದು ಕೆಲಸ ನಿಲ್ಲಿಸಿ ತಪ್ಪಾಗಿದೆ ಎಂದು ಕೂಗುತ್ತದೆ. ಹಾಗೆ ಕೂಗುವುದು ಅದರ ಮರ್ಯಾದೆ. ಆದರೆ ಕೂಗುವ ಯಂತ್ರವನ್ನು ಆಫೀಸುಗಳಲ್ಲಿ ಯಾರೂ ಸಹಿಸುವುದಿಲ್ಲ. ಅದಕ್ಕೆ ಸುಮ್ಮನಿರುವುದನ್ನು ಕಲಿಸಲು ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತಾರೆ. ವೃಂದಾ ಅಂಥವರಲ್ಲಿ ಒಬ್ಬಳು.

ಆಕೆಯ ಮನೆ ವೆಸ್ಟ್ ಮಾಂಬಲಂನ ಒಂದು ಗಲ್ಲಿಯ ಮೂರನೆ ಮಹಡಿಯಲ್ಲಿ. ಮುತ್ತಜ್ಜನ ಕಾಲಕ್ಕೆ ಮೈಸೂರು ಕಡೆಯಿಂದ ಮದರಾಸಿಗೆ ಬಂದ ವೈಷ್ಣವರ ಮನೆತನ. ಏಕಾದಶಿ ಬಿಟ್ಟಿಲ್ಲ, ಕನ್ನಡವನ್ನೂ ಬಿಟ್ಟಿಲ್ಲ. ಆದರೆ ಮನೆಗನ್ನಡದೊಳಗೆ ತಮಿಳು ಎಷ್ಟು ಬೆರೆತಿದೆಯೆಂದರೆ ಬೇರ್ಪಡಿಸಹೋದರೆ ಎರಡೂ ಹರಿಯುತ್ತವೆ. ಮಗಳಂತೂ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಗಂಡ ಹೈದರಾಬಾದಿನಲ್ಲಿ ಆಡಿಟ್ ಕೆಲಸದಲ್ಲಿ ಓಡಾಡುವವನು. ಬೆಳಿಗ್ಗೆ ಅಡುಗೆ, ಆಮೇಲೆ ಶೇರ್ ಆಟೋದಲ್ಲಿ ಅಶೋಕ್ ನಗರದ ಮೆಟ್ರೋ, ಅಲ್ಲಿಂದ ಅಣ್ಣಾ ನಗರ. ಸಂಜೆ ಇದೇ ದಾರಿ ತಿರುಗಾಮುರುಗಾ. ನಲವತ್ತು ದಾಟಿದ ಆಕೆಯ ಮುಖ ನೋಡಿದರೆ ಈಗ ತಾನೇ ಯಾರಿಗೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು ನಿಂತವಳ ಹಾಗಿರುತ್ತದೆ.

ಆಕೆ ನೋಡಿಕೊಳ್ಳುವುದು ಒಂದು ಲೈಬ್ರರಿಯನ್ನು. ಪುಸ್ತಕದ್ದಲ್ಲ. ಕಂಪ್ಯೂಟರಿನವರ ಮಾತಿನಲ್ಲಿ ಲೈಬ್ರರಿ ಎಂದರೆ ಮೊದಲೇ ಬರೆದಿಟ್ಟ ಸಣ್ಣಸಣ್ಣ ಲೆಕ್ಕದ ತುಣುಕುಗಳ ಉಗ್ರಾಣ. ಒಂದೊಂದು ತುಣುಕಿಗೆ ಫಂಕ್ಷನ್ ಎನ್ನುತ್ತಾರೆ. ದೊಡ್ಡ ಹೋಟೆಲಿನಲ್ಲಿ ಬೆಳಗಿನ ಹೊತ್ತಿಗೇ ರುಬ್ಬಿಟ್ಟ ಹಿಟ್ಟಿನಿಂದ ಒಬ್ಬ ದೋಸೆ ಹೊಯ್ಯುತ್ತಾನೆ, ಇನ್ನೊಬ್ಬ ಉತ್ತಪ್ಪ ಮಾಡುತ್ತಾನೆ. ಹಿಟ್ಟು ಹುಳಿಯಾದರೆ ಎಲ್ಲವೂ ಹುಳಿ. ವೃಂದಾ ಹಿಟ್ಟಿನ ಕಡೆಯವಳು. ಹಿಟ್ಟು ಚೆನ್ನಾಗಿದ್ದ ದಿನ ಆಕೆಯ ಹೆಸರು ಯಾರಿಗೂ ನೆನಪಾಗುವುದಿಲ್ಲ.

ಹೋಟೆಲಿನ ಹೋಲಿಕೆಯನ್ನು ನಾನು ಸುಮ್ಮನೆ ತರಲಿಲ್ಲ. ಆ ಕಂಪನಿ ಇರುವುದೇ ಒಂದು ಹೋಟೆಲಿನ ಮೇಲೆ. ಕೆಳಗೆ ಪೂರಿ, ಕಾಫಿ, ಬಾಳೆಲೆ ಊಟ, ಮೇಲೆ ಸಾಫ್ಟ್‌ವೇರ್. ಹೋಟೆಲು ಕುಂದಾಪುರ ಕಡೆಯಿಂದ ಬಂದ ಒಬ್ಬರದು, ಕಂಪನಿ ಅವರ ಮಗ ಸೂರಜ್‌ನದು. ಹೋಟೆಲಿನ ಹುಡುಗರು ಚಾಪೆ ಹಾಸಿ ಮಲಗುತ್ತಿದ್ದ ಮಹಡಿಗೆ ಏಸಿ ಹಾಕಿಸಿ ಆತ ಕಂಪನಿ ಶುರು ಮಾಡಿದ. ಚಾಪೆಯವರು ಎಲ್ಲಿಗೆ ಹೋದರೆಂದು ಕೇಳಬೇಡಿ, ಕೇಳಿದರೆ ಅದೇ ಇನ್ನೊಂದು ಲೇಖನ.

ಆ ಹೋಟೆಲಿನಲ್ಲಿ ಒಂದು ಕಟ್ಟಳೆ ಇದೆ. ಗಿರಾಕಿಯ ಎದುರು 'ಇಲ್ಲ' ಎಂಬ ಶಬ್ದ ಬಾಯಿಂದ ಬರಕೂಡದು. ರವಾ ಇಡ್ಲಿ ಮುಗಿದಿದ್ದರೆ ಸಪ್ಲೈಯರ್ 'ಸೆಟ್ ದೋಸೆ ಬಿಸಿ ಉಂಟು' ಎನ್ನಬೇಕು. ಹಲ್ವ ಕೇಳಿದರೆ 'ಜಾಮೂನು ಈಗಷ್ಟೇ ಇಳಿಸಿದ್ದು' ಎನ್ನಬೇಕು. 'ಇಲ್ಲ' ಎಂದವನು ಆ ದಿನ ಪಾತ್ರೆ ತೊಳೆಯುವ ಕಡೆಗೆ. ಸೂರಜ್ ಈ ಪಾಠವನ್ನು ಕಲಿತು ಬೆಳೆದವನು. ಮೆಟ್ಟಿಲು ಹತ್ತಿ ಮೇಲೆ ಬರುವಾಗ ಅದನ್ನೂ ಹೊತ್ತು ತಂದ. ಅವನ ಕಂಪನಿಯಿಂದ ಹೊರಗೆ ಹೋಗುವ ಯಾವ ರಿಪೋರ್ಟಿನಲ್ಲೂ ಖಾಲಿ ಜಾಗ ಇರಕೂಡದು.

ಒಂದು ಸೋಮವಾರ ಬೆಳಿಗ್ಗೆ ವೃಂದಾ ಬ್ಯಾಗ್ ಇಳಿಸುವ ಮೊದಲೇ ರಜತ್ ಕುರ್ಚಿ ತಿರುಗಿಸಿದ. ರಿಪೋರ್ಟುಗಳನ್ನು ತಯಾರಿಸುವವನು ಅವನು. ಅವನೂ ಕರಾವಳಿಯವನೇ, ಆಕೆಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವನು.

"ವೃಂದಕ್ಕ, ಆಂಬುಲೆನ್ಸಿನವರ ರಿಪೋರ್ಟ್ ಮಗುಚಿ ಬಿತ್ತು ಮಾರಾಯ್ರೆ."

"ಕಾಫಿ ಕುಡೀಲಿಕ್ಕಾದ್ರೂ ವಿಡಪ್ಪ. ಎಲ್ಲಿ ಬಿತ್ತು?"

"ತಿರುವೊಟ್ಟಿಯೂರಲ್ಲಿ. ಹೋದ ತಿಂಗಳು ಅಲ್ಲಿಯ ಗಾಡಿ ಒಂದೂ ಟ್ರಿಪ್ ಮಾಡ್ಲಿಲ್ಲ. ಸೊನ್ನೆಯಿಂದ ಭಾಗಿಸ್ಲಿಕ್ಕೆ ಹೋಯಿತು, ಅಲ್ಲಿಗೇ ನಿಂತಿತು."

ವಿಷಯ ಇಷ್ಟು. ನಗರದ ಒಂದು ಟ್ರಸ್ಟು ಬೇರೆಬೇರೆ ಕಡೆಗಳಲ್ಲಿ ಪುಕ್ಕಟೆ ಆಂಬುಲೆನ್ಸ್ ನಿಲ್ಲಿಸಿದೆ, ಉತ್ತರ ತುದಿಯ ತಿರುವೊಟ್ಟಿಯೂರಿನಲ್ಲೂ ಒಂದು. ಫೋನ್ ಬಂದ ಮೇಲೆ ಗಾಡಿ ರೋಗಿಯ ಬಾಗಿಲು ತಲುಪಲು ಎಷ್ಟು ನಿಮಿಷ ಹಿಡಿಯಿತು ಎಂಬುದು ಅವರಿಗೆ ಪ್ರತಿ ತಿಂಗಳು ಬೇಕು. ಒಟ್ಟು ನಿಮಿಷಗಳನ್ನು ಟ್ರಿಪ್ಪುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಸರಾಸರಿ ಕಡಿಮೆ ಇದ್ದಷ್ಟೂ ಆ ಜಾಗಕ್ಕೆ ಒಳ್ಳೆಯ ರ‍್ಯಾಂಕ್, ಹಸಿರು ಬಣ್ಣ.

ಸೂರಜ್ ಕಾಫಿ ಲೋಟ ಹಿಡಿದು ಅಲ್ಲಿಗೇ ಬಂದ. "ವೃಂದಾ, ನಮ್ಮ ಲೈಬ್ರರಿಯಲ್ಲಿ ಇನ್ನೂ ಒಂದು ಸೇಫ್ ಭಾಗಾಕಾರ ಇಲ್ವಾ? ಊರಲ್ಲೆಲ್ಲ ಉಂಟು. ಒಂದು ಫಂಕ್ಷನ್ ಸೇರಿಸಿಬಿಡಿ. ಕೆಳಗೆ ಸೊನ್ನೆ ಬಂದ್ರೆ ಸೊನ್ನೆಯನ್ನೇ ವಾಪಸ್ ಕೊಡ್ಲಿ. ನಿಲ್ಲುದು ಬೇಡ, ಅಷ್ಟೇ."

"ಸೊನ್ನೆ ಎದುಕ್ಕು ಸೂರಜ್, ಯಾಕೆ? ಬ್ಲ್ಯಾಂಕ್ ಕೊಡ್ಲಿ. ಗೊತ್ತಿಲ್ಲ ಅಂತ ಇರ್ಲಿ."

"ಗಿರಾಕಿಗೆ ಗೊತ್ತಿಲ್ಲ ಅಂತ ಹೇಳುದಾ? ಅಪ್ಪ ಕೇಳಿಸ್ಕೊಂಡ್ರೆ ಕೆಳಗಿಂದ ಸಟ್ಟುಗ ಹಿಡ್ಕೊಂಡು ಬರ್ತಾರೆ."

ರಜತ್ ನಕ್ಕ. ವೃಂದಾಳೂ ನಕ್ಕಳು. ಇಂಥ ಮಾತುಗಳನ್ನು ಆಕೆ ಹಿಂದೆಯೂ ಆಡಿದ್ದಾಳೆ, ಹಿಂದೆಯೂ ಸೋತಿದ್ದಾಳೆ. ಪ್ರತಿ ಸಲ ಸೋತಾಗಲೂ ಮುಂದಿನ ಸಲ ಬಾಯಿ ತೆರೆಯುವುದು ಸ್ವಲ್ಪ ಭಾರವಾಗುತ್ತದೆ. ಮೋಸಕ್ಕೆ ಒಪ್ಪುವವರಲ್ಲಿ ಬಹಳ ಮಂದಿ ಮೋಸಗಾರರಲ್ಲ, ಸುಸ್ತಾದವರು.

ಆಕೆ ಕೂತು ಬರೆದಳು. ಶ್ರದ್ಧೆಯಿಂದಲೇ ಬರೆದಳು. ಭಾಜಕ ತೀರ ಸಣ್ಣದಾದರೆ ಉತ್ತರ ಆಕಾಶಕ್ಕೆ ಏರುತ್ತದೆ, ಅದಕ್ಕೊಂದು ತಡೆ. ಅಂಕಿಯ ಬದಲು ಕಸ ಬಂದರೆ ಅದಕ್ಕೊಂದು ತಡೆ. ಎಲ್ಲ ಮುಗಿದ ಮೇಲೆ ಉಳಿದದ್ದು ಒಂದು ಸಾಲು: ಭಾಗಿಸಲು ಆಗದಿದ್ದಾಗ ಏನನ್ನು ಹಿಂತಿರುಗಿಸಬೇಕು. ಆಕೆ ಸೊನ್ನೆ ಎಂದು ಬರೆದಳು. ಪರೀಕ್ಷೆಗಳೆಲ್ಲ ಪಾಸಾದವು. ಫಂಕ್ಷನ್ನಿನ ಹೆಸರಿನಲ್ಲೇ ಸೇಫ್ ಎಂದಿತ್ತು. ಊಟದ ಹೊತ್ತಿಗೆ ರಿಪೋರ್ಟು ಒಂದೂ ತಪ್ಪು ತೋರಿಸದೆ ಓಡಿತು.

ರಜತ್ ಮೊದಲ ಪುಟ ತೆರೆದವನು ನಗುವುದಕ್ಕೆ ಶುರು ಮಾಡಿದ. "ಇಲ್ಲಿ ನೋಡಿ ವೃಂದಕ್ಕ. ತಿರುವೊಟ್ಟಿಯೂರು ಫಸ್ಟ್ ರ‍್ಯಾಂಕ್. ಸೊನ್ನೆ ನಿಮಿಷ. ಫೋನ್ ಮಾಡುವ ಮೊದಲೇ ಗಾಡಿ ಬಂದು ಬಾಗಿಲಲ್ಲಿ ನಿಂತಿರ್ತದಾ ಎಂತ?"

"ನಿಮ್ಮ ಮನೆಗೆ ನೆಂಟರು ಬರೋ ಹಾಗೆ," ಎಂದಳು ವೃಂದಾ. ನಗು ಅರ್ಧಕ್ಕೇ ನಿಂತಿತು. ಪರದೆಯ ಮೇಲೆ ಆ ಸಾಲು ಎಳೆಯ ಬಾಳೆಯ ಸುಳಿಯಂತೆ ಹಸಿರಾಗಿತ್ತು.

"ಸೂರಜ್‌ಗೆ ಸೊಲ್ಲಬೇಕು ಇದನ್ನ," ಎಂದಳು.

ಹೇಳಿದಳು. "ಒಂದು ಸಾಲು ತಾನೇ, ಮುಂದಿನ ತಿಂಗಳು ನೋಡುವ" ಎಂದು ಆತ ರಿಪೋರ್ಟನ್ನು ಕಳಿಸಿಬಿಟ್ಟ.

ಮರುದಿನ ಟ್ರಸ್ಟಿನ ಮೇಲ್ವಿಚಾರಕ ಸತ್ಯನಾರಾಯಣ ಅವರ ಫೋನ್ ಬಂತು. ಅವರು ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು, ಒಳ್ಳೆಯ ಮನುಷ್ಯ. ಸೂರಜ್ ಸ್ಪೀಕರ್ ಹಾಕಿದ, ಹೊಗಳಿಕೆಯನ್ನು ಎಲ್ಲರೂ ಕೇಳಲಿ ಎಂದು.

"ರೊಂಬ ಸಂತೋಷ ಆಯ್ತು ಸೂರಜ್. ತಿರುವೊಟ್ಟಿಯೂರು ಇಷ್ಟು ಚೆನ್ನಾಗಿ ಮಾಡುತ್ತೆ ಅಂತ ನಾನು ಎದುರು ನೋಡ್ಲಿಲ್ಲ. ಅಲ್ಲಿ ಗಾಡಿ ಅಷ್ಟು ಅವಶ್ಯ ಇಲ್ಲ ಅಂತ ಆಯ್ತಲ್ಲ. ತಿಂಗಳ ಕೊನೆ ಮೀಟಿಂಗಲ್ಲಿ ಅದನ್ನ ಅಣ್ಣಾ ನಗರಕ್ಕೆ ಹಾಕ್ಬಿಡ್ತೀವಿ. ಇಲ್ಲಿ ಸರಾಸರಿ ಕೆಟ್ಟದಾಗಿದೆ, ಕೆಂಪಲ್ಲಿದೆ."

ಸೂರಜ್ ಫೋನ್ ಇಟ್ಟ. ರಜತ್ ಎದ್ದು ವೃಂದಾಳ ಮೇಜಿನ ಹತ್ತಿರ ಬಂದ.

"ನಿನ್ನೆ ನನ್ನ ತಲೆಗೆ ಹೋಗ್ಲಿಲ್ಲ, ನನ್ನ ಮಾವ ಇರುದು ಅಲ್ಲಿ. ದೇವಸ್ಥಾನದ ಹತ್ರ ಸಣ್ಣ ಹೋಟೆಲ್. ಹೋದ ತಿಂಗಳು ಅವರಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಕರ್ಕೊಂಡು ಹೋದದ್ದು ಅದೇ ಆಂಬುಲೆನ್ಸಲ್ಲಿ. ಮತ್ತೆ ಟ್ರಿಪ್ ಸೊನ್ನೆ ಹೇಗೆ ಆಗ್ತದೆ?"

ವೃಂದಾ ಅವನ ಮುಖ ನೋಡಿದಳು. ಅಂಕಿ ಬಂದ ದಾರಿಯಲ್ಲೇ ತಪ್ಪಿದೆ. ಆ ತಪ್ಪನ್ನು ಹಸಿರು ಮಾಡಿ ಕಳಿಸಿದ್ದು ತನ್ನ ಫಂಕ್ಷನ್. ಆ ತಿಂಗಳ ಕೊನೆಗೆ ಗಾಡಿ ಹೊರಟುಹೋದರೆ, ರಜತನ ಮಾವನಿಗೆ ಇನ್ನೊಮ್ಮೆ ಎದೆ ಹಿಡಿದುಕೊಂಡರೆ, ಆಗ ಬರುವುದಕ್ಕೆ ಏನೂ ಇರುವುದಿಲ್ಲ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇಬ್ಬರೂ ಹೊರಟರು. ಸೆಂಟ್ರಲ್‌ನಲ್ಲಿ ಮೆಟ್ರೋ ಬದಲಿಸಿ ತಿರುವೊಟ್ಟಿಯೂರಿನಲ್ಲಿ ಇಳಿದರು. ಮೇಲೆ ಮೆಟ್ರೋ ನುಣ್ಣಗೆ ಹೋಗುತ್ತದೆ. ಕೆಳಗೆ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಮುಖಕ್ಕೆ ಬೆನ್ನು ಹಚ್ಚಿ ನಿಂತಿರುತ್ತವೆ. ಡೀಸೆಲ್ಲು, ಒಣಮೀನು, ಕಾರ್ಖಾನೆಯ ಹೊಗೆ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದರ ಮೇಲೆ ಚರಂಡಿ ಕೆಲಸಕ್ಕೆಂದು ರಸ್ತೆಯ ಅರ್ಧ ಭಾಗ ಅಗೆದಿದ್ದರು. ವೃಂದಾ ಲಾರಿಗಳ ನಡುವೆ ಸೀರೆ ಎತ್ತಿ ಹಿಡಿದು ದಾಟುವಾಗ ಒಬ್ಬ ಕ್ಲೀನರ್ ಮೇಲಿನಿಂದ, "ಅಕ್ಕಾ, ಮೆದುವಾ ಪೋಂಗ, ಇದು ರಾತ್ರಿ ವರೆಗೂ ನಗರಾದು" ಎಂದ. ನಿಧಾನ ಹೋಗಿ, ಇದು ರಾತ್ರಿಯವರೆಗೆ ಅಲ್ಲಾಡುವುದಿಲ್ಲ ಎಂದು.

ರಜತನ ಅತ್ತೆ ಸುಗುಣಾ ಗಲ್ಲಾದಲ್ಲಿ ಕೂತಿದ್ದರು. ಮಾವ ರಘುರಾಮ ಒಳಗಡೆ ಬೆಂಚಿನ ಮೇಲೆ ಒರಗಿದ್ದರು. ಡಾಕ್ಟರು ಒಲೆಯ ಹತ್ತಿರ ನಿಲ್ಲಬಾರದೆಂದಿದ್ದಕ್ಕೆ ಅಲ್ಲಿಂದಲೇ ಒಲೆಯನ್ನು ಬೈಯುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ. ರಜತ ಹೇಳಿದ್ದ ನಿಮ್ಮ ಬಗ್ಗೆ," ಎಂದರು ಸುಗುಣಾ. "ಅಲ್ಲ, ನಮ್ಮ ಗಾಡಿ ತೆಗೀತಾರಂತೆ, ಹೌದಾ?"

"ಹಾಗೆ ಮಾತಾಡ್ತಿದ್ದಾರೆ. ಇಲ್ಲಿ ಗಾಡಿ ಬರುತ್ತಾ ಇಲ್ವಾ ಅಂತ ಕೇಳೋಣ ಅಂತ ಬಂದ್ವಿ."

"ಬರ್ತದೆ. ಬರುವಾಗ ಜೀವ ಹೋಗಿ ಬರ್ತದೆ. ಇವರಿಗೆ ನೋವು ಬಂದ ದಿವಸ ಮುಕ್ಕಾಲು ಗಂಟೆ ಮೇಲೆ ಆಗಿತ್ತು. ಆ ರಸ್ತೆ ನೋಡಿದ್ರಲ್ಲ ನೀವು? ಆದ್ರೂ ಬಂತು. ಆಕ್ಸಿಜನ್ ಇತ್ತು. ಆಟೋದಲ್ಲಿ ಹಾಕಿದ್ರೆ ದಾರಿಯಲ್ಲೇ ಮುಗೀತಿತ್ತು ಅಂತ ಡಾಕ್ಟ್ರೇ ಹೇಳಿದ್ದು."

"ಮತ್ತೆ ಅತ್ತೆ, ಲೆಕ್ಕದಲ್ಲಿ ಆ ಟ್ರಿಪ್ಪೇ ಇಲ್ಲ," ಎಂದ ರಜತ್.

ಬೆಂಚಿನಿಂದ ರಘುರಾಮರ ದನಿ ಬಂತು. "ಅಂದ್ರೆ ನಾನು ಹೋಗ್ಲೇ ಇಲ್ವಾ? ಹಾಗಾದ್ರೆ ಎದೆ ಮೇಲೆ ಈ ಹೊಲಿಗೆ ಯಾರು ಹಾಕಿದ್ದು, ಟೈಲರಾ?"

ಸುಗುಣಾ ಗಂಡನ ಕಡೆ ನೋಡದೆ ಮೂಲೆಯ ಮೇಜನ್ನು ಕಣ್ಣಿನಲ್ಲೇ ತೋರಿಸಿದರು. ಅಲ್ಲಿ ಆಂಬುಲೆನ್ಸಿನ ಡ್ರೈವರ್ ಏಳುಮಲೈ ಚಹಾ ಕುಡಿಯುತ್ತಿದ್ದ. ಗಾಡಿ ಎದುರಿಗೇ, ಹೈರೋಡಿನ ಆ ಬದಿಗೆ ನಿಂತಿತ್ತು. ಮೀನುಗಾರರ ಬೀದಿಗಳು ಈ ಬದಿಗೆ, ಸಮುದ್ರದ ಕಡೆಗೆ. ನಡುವೆ ಲಾರಿಗಳು.

ವೃಂದಾ ತಮಿಳಿನಲ್ಲಿ ತಾನು ಯಾರೆಂದು ಹೇಳಿ, ತಪ್ಪು ಹುಡುಕಲು ಬಂದದ್ದಲ್ಲ, ನಿನ್ನ ಗಾಡಿ ಹೋಗುವುದರಲ್ಲಿದೆ ಎಂದ ಮೇಲೆ ಅವನು ಲೋಟ ಕೆಳಗಿಟ್ಟ. ಅವನ ಫೋನಿನಲ್ಲಿ ಒಂದು ಆ್ಯಪ್ ಇದೆ. ಕರೆ ಬಂದಾಗ ಒತ್ತಬೇಕು, ರೋಗಿಯನ್ನು ಹತ್ತಿಸಿದಾಗ ಒತ್ತಬೇಕು. ಅರ್ಧ ಗಂಟೆ ದಾಟಿದರೆ ಯಾಕೆ ತಡ ಎಂದು ಕಂಟ್ರೋಲ್ ರೂಮಿನಿಂದ ಮೆಮೊ. ಕ್ಯಾನ್ಸಲ್ ಒತ್ತಿದರೆ ಯಾರೂ ಏನೂ ಕೇಳುವುದಿಲ್ಲ.

"ಲಾರಿಗೆ ಮೆಮೊ ಕೊಡಲಿ ಅಮ್ಮಾ, ನನಗೆ ಯಾಕೆ?" ಎಂದ. "ರಸ್ತೆ ಅಗೆದ ಮೇಲೆ ಒಂದು ಟ್ರಿಪ್ಪೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಕರೆದುಕೊಂಡು ಹೋದದ್ದನ್ನೂ ಕ್ಯಾನ್ಸಲ್ ಒತ್ತಿದೆ. ಹೋಗಿ ತಲುಪುವಷ್ಟರಲ್ಲಿ ಅವರೇ ಮೀನಿನ ಗಾಡಿಯಲ್ಲಿ ಹಾಕಿಕೊಂಡು ಹೋದದ್ದನ್ನೂ ಕ್ಯಾನ್ಸಲ್ ಒತ್ತಿದೆ. ನಾನು ಒಬ್ಬನೇ ಅಂದುಕೊಂಡಿದ್ದೀರಾ?"

"ಇವರನ್ನು ಕರ್ಕೊಂಡು ಹೋದದ್ದು?" ಎಂದರು ಸುಗುಣಾ.

ಏಳುಮಲೈ ಬೇರೆ ಕಡೆ ನೋಡಿದ. ರಘುರಾಮ ಬೆಂಚಿನ ಮೇಲಿಂದ, "ನನ್ನನ್ನೂ ಕ್ಯಾನ್ಸಲ್ ಮಾಡಿದ್ಯಾ ತಂಬಿ? ಒಳ್ಳೆದಾಯಿತು ಬಿಡು" ಎಂದರು. ಯಾರೂ ನಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಕತೆಯಲ್ಲಿ ಕೆಟ್ಟವನು ಯಾರು ಎಂದು ನೀವು ಹುಡುಕುತ್ತಿದ್ದರೆ ಸಿಗುವುದಿಲ್ಲ. ಡ್ರೈವರ್ ಮೆಮೊದಿಂದ ಸೇಫ್ ಆದ. ಕಂಟ್ರೋಲ್ ರೂಮು ತಡದ ಲೆಕ್ಕದಿಂದ ಸೇಫ್ ಆಯಿತು. ಸೂರಜ್ ಗಿರಾಕಿಯ ಮುಂದೆ 'ಇಲ್ಲ' ಎನ್ನುವುದರಿಂದ ಸೇಫ್ ಆದ. ಟ್ರಸ್ಟು ಬಣ್ಣದ ಪುಟ ನೋಡಿ ಸೇಫ್ ಆಯಿತು. ಪ್ರೋಗ್ರಾಂ ನಿಲ್ಲದೆ ಓಡಿತು, ಅದೂ ಸೇಫ್. ಎದೆ ಹಿಡಿದುಕೊಂಡು ಬಾಗಿಲ ಬಳಿ ಕಾದವನೊಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ರಕ್ಷಣೆ ಸಿಕ್ಕಿತ್ತು. ಇದನ್ನು ಯಾರೂ ಸೇರಿ ಕೂತು ಯೋಚಿಸಿ ಮಾಡಿದ್ದಲ್ಲ. ಒಬ್ಬೊಬ್ಬರೂ ತಮ್ಮ ತಲೆನೋವನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದರು, ಅಷ್ಟೇ. ಕೊನೆಯ ಮೆಟ್ಟಿಲಲ್ಲಿ ಯಾರು ಕೂತಿದ್ದಾರೆಂದು ಬಗ್ಗಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ವಾಪಸ್ ಬರುವಾಗ ಮೆಟ್ರೋದಲ್ಲಿ ವೃಂದಾ ಚಪ್ಪಲಿ ಕಳಚಿ ಕೂತಳು. "ಸುಮ್ಮನಿದ್ದೀರಲ್ಲ ವೃಂದಕ್ಕ" ಎಂದ ರಜತ್.

"ಕಾಲು ನೋಯ್ತಿದೆ ಕಣಪ್ಪ," ಎಂದಳು.

ಸೋಮವಾರ ಆಕೆ ಆ ಒಂದು ಸಾಲನ್ನು ಬದಲಿಸಿದಳು. ಭಾಗಿಸಲು ಆಗದಿದ್ದರೆ ಸೊನ್ನೆ ಬೇಡ, ಖಾಲಿ. ಪಕ್ಕದಲ್ಲಿ 'ಲೆಕ್ಕ ಸಿಗಲಿಲ್ಲ' ಎಂಬ ಮಾತು. ಸೂರಜ್‌ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಾನೆಂದು ಗೊತ್ತಿತ್ತು.

ಆದರೆ ಅದು ಉಗ್ರಾಣದ ಹಿಟ್ಟು. ಎಲ್ಲ ಒಲೆಗಳಿಗೂ ಹೋಗುವಂಥದ್ದು. ವಾರದಿಂದ ಎಲ್ಲ ರಿಪೋರ್ಟುಗಳೂ ಆ ಫಂಕ್ಷನ್ನನ್ನೇ ಬಳಸುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ರಂಧ್ರಗಳು ಕಾಣಿಸಿಕೊಂಡವು. ಒಂದು ಶಾಲೆಗಳ ಸಂಸ್ಥೆಗೆ ಹೋಗುವ ರಿಪೋರ್ಟಿನಲ್ಲಿ ಹಾಜರಿಯನ್ನೇ ಕರೆಯದ ತರಗತಿಗಳಲ್ಲಿ ಗೈರುಹಾಜರಿ ಶೇಕಡಾ ಸೊನ್ನೆ ಎಂದು ತೋರಿಸುತ್ತಿತ್ತು, ಅದು ಖಾಲಿಯಾಯಿತು. ನೀರಿನ ಲಾರಿಗಳನ್ನು ಓಡಿಸುವವರ ರಿಪೋರ್ಟಿನಲ್ಲಿ ಲಾರಿಯೇ ಹೋಗದ ಬೀದಿಗಳಲ್ಲಿ ಕಾಯುವ ಹೊತ್ತು ಸೊನ್ನೆ ಇತ್ತು, ಅದೂ ಖಾಲಿಯಾಯಿತು. ಗಿರಾಕಿಗಳ ಫೋನುಗಳು ಒಂದರ ಹಿಂದೆ ಒಂದು ಬಂದವು. ಹಸಿರು ಸಾಲು ಎಲ್ಲಿ ಹೋಯಿತು ಎಂದು ಎಲ್ಲರೂ ಕೇಳಿದರು. ಅದು ಮೊದಲು ಹಸಿರಾಗಿದ್ದದ್ದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಸೂರಜ್ ಬಾಗಿಲು ಹಾಕಿದ ಕೋಣೆಗೆ ಆಕೆಯನ್ನು ಕರೆದ. "ನಿಮಗೆ ಹೇಳಿದ್ದು ಯಾರು ಇದನ್ನು ಬದಲಿಸ್ಲಿಕ್ಕೆ?"

"ಯಾರೂ ಹೇಳಲಿಲ್ಲ."

"ಮತ್ತೆ?"

"ತಿರುವೊಟ್ಟಿಯೂರಿಗೆ ಹೋಗಿ ನೋಡಿ ಬಂದೆ ಸೂರಜ್. ಅಲ್ಲಿ ಗಾಡಿ ಬರ್ತಾ ಇದೆ, ಲೇಟಾಗಿ ಬರ್ತಾ ಇದೆ. ಡ್ರೈವರ್ ಬರೆಯಲ್ಲ. ನಾವು ಅದರ ಮೇಲೆ ಬಣ್ಣ ಹಾಕಿ ಕಳಿಸ್ತೀವಿ. ಅವರು ಅದನ್ನ ನೋಡಿ ಗಾಡೀನೇ ತೆಗೀತಾರೆ."

"ಅದು ಅವರ ಡ್ರೈವರ್ ತಪ್ಪು, ಅವರ ಆ್ಯಪ್ ತಪ್ಪು. ನಮ್ಮದೆಂತ?"

"ಸೊನ್ನೆ ನಮ್ಮದು."

ಆತ ಕುರ್ಚಿಗೆ ಒರಗಿದ. ಕೋಪ ಇಳಿದು ಮುಖದಲ್ಲಿ ಬೇರೆ ಏನೋ ಉಳಿದಿತ್ತು, ಅದೂ ಸುಸ್ತೇ. "ವೃಂದಾ, ನಾನು ಖಾಲಿ ಕೊಟ್ರೆ ಇವರು ನಾಳೆ ಬೇರೆಯವರ ಹತ್ರ ಹೋಗ್ತಾರೆ. ಅವರು ಸೊನ್ನೆ ಕೊಡ್ತಾರೆ. ನಗ್ತಾ ನಗ್ತಾ ಕೊಡ್ತಾರೆ. ಸೊನ್ನೆ ಎಂತ ನಿಂತು ಹೋಗ್ತದಾ? ನಾವು ಮಾತ್ರ ನಿಂತು ಹೋಗ್ತೇವೆ."

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಇದೆ ಎಂದು ಹೇಳುವ ಅಂಕಣಕಾರರನ್ನು ನಂಬಬೇಡಿ.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಪ್ಪಂದ ಎನ್ನುವುದು ದೊಡ್ಡ ಮಾತು; ಒಬ್ಬರು ಹೇಳಿದರು, ಇನ್ನೊಬ್ಬರಿಗೆ ವಾದಿಸುವ ತ್ರಾಣ ಇರಲಿಲ್ಲ. ಫಂಕ್ಷನ್ನಿಗೆ ಒಂದು ಆಯ್ಕೆಯನ್ನು ಸೇರಿಸುವುದು. ಯಾವ ಗಿರಾಕಿ 'ನಮಗೆ ಖಾಲಿ ತೋರಿಸಿ' ಎಂದು ಕೇಳಿ ಪಡೆಯುತ್ತಾರೋ ಅವರಿಗೆ ಖಾಲಿ. ಕೇಳದವರಿಗೆಲ್ಲ ಸೊನ್ನೆ. ವೃಂದಾ ಅದನ್ನು ಬರೆದು, ಪರೀಕ್ಷಿಸಿ, ಲೈಬ್ರರಿಗೆ ಸೇರಿಸಿದಳು. ಆ ದಿನ ಮನೆಗೆ ಹೋಗಿ ಹುಳಿ ಬಿಸಿ ಮಾಡುವಾಗ ಮಗಳು "ಎನ್ನ ಮಾ, ಉಮ್ಮುನು ಇರುಕ್ಕೆ?" ಎಂದು ಕೇಳಿದಳಂತೆ, ಯಾಕಮ್ಮ ಮುಖ ಊದಿಸಿಕೊಂಡಿದ್ದೀ ಎಂದು. "ಒಂದೂ ಇಲ್ಲ, ಸಾಪ್ಪಿಡು" ಎಂದು ಊಟದ ತಟ್ಟೆ ಮುಂದಿಟ್ಟಳಂತೆ ಇವಳು.

ಇನ್ನು ಟ್ರಸ್ಟು ಖಾಲಿ ತೋರಿಸಿ ಎಂದು ಕೇಳಬೇಕಾಗಿತ್ತು, ಅಷ್ಟೇ. ವೃಂದಾ ಕಂಪನಿಯ ನಿಯಮ ಮೀರಿ ಸತ್ಯನಾರಾಯಣರಿಗೆ ತಾನೇ ಫೋನ್ ಮಾಡಿದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ನೀವು ಹೇಳೋದು ಅರ್ಥ ಆಗುತ್ತಮ್ಮ. ಆದ್ರೆ ಫಸ್ಟ್ ಪೇಜ್‌ನಲ್ಲಿ ಒಂದು ಸಾಲು ಖಾಲಿ ಬಿಡಿ ಅಂತ ನಾನಾಗಿ ಹೇಗೆ ಹೇಳಲಿ? ಟ್ರಸ್ಟಿಗಳು ನನ್ನನ್ನೇ ಕೇಳ್ತಾರೆ. ಆ ಊರಿನವರು ಯಾರೂ ಇದುವರೆಗೆ ಒಂದು ಮಾತು ಕೇಳಿಲ್ಲ. ಯಾರಾದ್ರೂ ಕೇಳಲಿ, ಮೀಟಿಂಗ್‌ಗೆ ಮುಂಚೆ. ಆಗ ನನಗೆ ಒಂದು ಹಿಡಿ ಸಿಗುತ್ತೆ."

ರಜತ್ ಅತ್ತೆಗೆ ಫೋನ್ ಹಚ್ಚಿ ವೃಂದಾಳ ಕೈಗೆ ಕೊಟ್ಟ. ಸುಗುಣಾ ಎಲ್ಲ ಕೇಳಿಸಿಕೊಂಡರು.

"ಕೇಳ್ಬಹುದು," ಎಂದರು. "ಆದ್ರೆ ಕೇಳಿದ್ರೆ ಆ ಏಳುಮಲೈ ಕ್ಯಾನ್ಸಲ್ ಒತ್ತಿದ್ದು ಹೊರಗೆ ಬರ್ತದಲ್ಲ? ಇವರ ಜೀವ ಉಳಿಸಿದ್ದು ಅವನೇ. ಅವನ ಹೊಟ್ಟೆಗೆ ಹೊಡೆದ ಹಾಗೆ ಆಗುದಿಲ್ವಾ?"

"ಆಗಬಹುದು," ಎಂದಳು ವೃಂದಾ. ಸುಳ್ಳು ಹೇಳಲು ಆಕೆಗೆ ಮನಸ್ಸಾಗಲಿಲ್ಲ.

"ಕೇಳದಿದ್ರೆ?"

"ಗಾಡಿ ಹೋಗುತ್ತೆ. ಗಾಡಿ ಜೊತೆ ಅವನೂ ಬೇರೆ ಕಡೆ ಹೋಗ್ತಾನೆ."

ಮೀಟಿಂಗಿನ ಹಿಂದಿನ ದಿನ ಸುಗುಣಾ ಗಲ್ಲಾವನ್ನು ಗಂಡನಿಗೆ ಒಪ್ಪಿಸಿ, ಮೀನುಗಾರರ ಬೀದಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಟ್ರಸ್ಟಿನ ಆಫೀಸಿಗೆ ಹೋದರು. ಭಾಷಣ ಮಾಡಲಿಲ್ಲ. ಸರಾಸರಿ ಎಂದರೇನು ಎಂದು ವಾದಿಸಲಿಲ್ಲ. ಕೌಂಟರಿನಲ್ಲಿ ಕೂತವರನ್ನು, "ಹೋದ ತಿಂಗಳು ನಮ್ಮ ಕಡೆಯಿಂದ ಎಷ್ಟು ಜನರನ್ನು ನಿಮ್ಮ ಗಾಡಿಯಲ್ಲಿ ಕರ್ಕೊಂಡು ಹೋದ್ರಿ, ಅದನ್ನು ಹೇಳಿ" ಎಂದು ಕೇಳಿದರು. ಕೌಂಟರಿನವರು ತೆರೆದು ನೋಡಿದರು, ಯಾರೂ ಇಲ್ಲ ಎಂದರು. ಸುಗುಣಾ ತಮ್ಮ ಗಂಡನ ಹೆಸರು ಹೇಳಿದರು. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗಳ ಹೆಸರು ಹೇಳಿದಳು, ಹೆರಿಗೆಗೆ ಹೋದದ್ದು ಎಂದಳು. ಇನ್ನೊಬ್ಬಳು ಅತ್ತೆಯ ಹೆಸರು ಹೇಳಿದಳು; ಆ ಅತ್ತೆ ದಾರಿಯಲ್ಲೇ ತೀರಿಹೋಗಿದ್ದಳು. ಸತ್ಯನಾರಾಯಣ ಒಳಗಿನಿಂದ ಎದ್ದು ಬಂದರು. ಆ ಸಂಜೆಯೇ ಸೂರಜ್‌ಗೆ ಅವರಿಂದ ಮೇಲ್ ಬಂತು: ತಿರುವೊಟ್ಟಿಯೂರಿನ ಸಾಲು ಖಾಲಿ ಇರಲಿ.

ಮೀಟಿಂಗಿನಲ್ಲಿ ಹಸಿರು ಕೆಂಪುಗಳ ನಡುವೆ ಒಂದು ಬಿಳಿ ಸಾಲು ಇತ್ತು. ಇದೇನು ಎಂದು ಎಲ್ಲರೂ ಅದನ್ನೇ ಕೇಳಿದರು. ಬಂದ ಕರೆಗಳನ್ನು ತೆಗೆಸಿ ನೋಡಿದರು. ಕರೆಗಳು ಬೇಕಾದಷ್ಟಿದ್ದವು, ಎಲ್ಲದರ ಎದುರು ಕ್ಯಾನ್ಸಲ್. ಗಾಡಿಯನ್ನು ಅಲ್ಲಿಂದ ತೆಗೆಯುವ ಮಾತು ಬಿದ್ದುಹೋಯಿತು. ನಿಲ್ಲುವ ಜಾಗವನ್ನು ರಸ್ತೆಯ ಈ ಬದಿಗೆ, ಸಮುದ್ರದ ಕಡೆಗೆ ಬದಲಿಸುವುದು ಎಂದಾಯಿತು. ಏಳುಮಲೈಗೆ ಮೆಮೊ ಬಂತು. ಕೆಲಸ ಉಳಿಯಿತು, ಆದರೆ ಅವನು ಈಗ ಸುಗುಣಾರ ಹೋಟೆಲಿಗೆ ಚಹಾಕ್ಕೆ ಬರುವುದಿಲ್ಲ. ಎದುರಿಗಿನ ಬಂಡಿಯಲ್ಲಿ ಕುಡಿಯುತ್ತಾನೆ. ಸುಗುಣಾ ಅದನ್ನು ದಿನಾ ನೋಡುತ್ತಾರೆ.

ವೃಂದಾಳನ್ನು ಯಾರೂ ಹೊಗಳಲಿಲ್ಲ. ಗಿರಾಕಿಯೊಂದಿಗೆ ನೇರ ಮಾತಾಡಿದ್ದಕ್ಕೆ ಸೂರಜ್ ಆಕೆಯ ವರ್ಷದ ರಿವ್ಯೂನಲ್ಲಿ ಒಂದು ಸಾಲು ಬರೆದ. ಆಕೆ ಇವತ್ತೂ ಅದೇ ಮೆಟ್ರೋ ಹತ್ತಿ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ನಾನು ಕಳೆದ ವಾರ ಆಕೆಯ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಆ ಆಯ್ಕೆಯನ್ನು ಇನ್ನು ಯಾರ್‍ಯಾರು ಕೇಳಿ ಪಡೆದಿದ್ದಾರೆ ಎಂದು ಕೇಳಿದೆ.

"ಯಾರೂ ಇಲ್ಲ," ಎಂದಳು. "ಆ ಟ್ರಸ್ಟ್ ಒಂದೇ. ಅದೂ ಆ ಒಂದು ಸಾಲಿಗೆ ಮಾತ್ರ."

ಅಂದರೆ ಹಾಜರಿ ಕರೆಯದ ತರಗತಿ ಮತ್ತೆ ಹಸಿರು. ನೀರಿನ ಲಾರಿ ಕಾಣದ ಬೀದಿ ಮತ್ತೆ ಮೊದಲ ರ‍್ಯಾಂಕು. ಆಂಬುಲೆನ್ಸಿನ ಉಳಿದ ಸಾಲುಗಳಲ್ಲಿ ಎಷ್ಟು ಸೊನ್ನೆಗಳಿವೆಯೋ, ಅವುಗಳ ಹಿಂದೆ ಬಾಗಿಲ ಬಳಿ ಯಾರು ಕಾಯುತ್ತಿದ್ದಾರೋ, ಉಗ್ರಾಣ ನೋಡಿಕೊಳ್ಳುವ ಆಕೆಗೂ ಗೊತ್ತಿಲ್ಲ. ಕೇಳದವರಿಗೆಲ್ಲ ಸೊನ್ನೆ ಎಂಬುದು ಒಂದು ಕಂಪನಿಯ ಒಂದು ಫಂಕ್ಷನ್ನಿನ ನಿಯಮ ಎಂದು ನೀವು ಸಮಾಧಾನ ಪಡಬಹುದು. ನಾನು ಪಡಲಾರೆ.

ನಿಮ್ಮ ಬೀದಿಯ ಹೆಸರೂ ಯಾವುದೋ ಪರದೆಯ ಮೇಲೆ ಒಂದು ಸಾಲಾಗಿ ಇದೆ. ಅದರ ಬಣ್ಣ ನೀವು ನೋಡಿಲ್ಲ. ನಿಮ್ಮ ಕಡೆಗೆ ಬರಬೇಕಾದ ಗಾಡಿಯವರಿಗೆ, ನೀರಿನವರಿಗೆ, ನಿಮ್ಮ ಮಕ್ಕಳ ಶಾಲೆಯವರಿಗೆ ಈ ವಾರವೇ ಫೋನ್ ಮಾಡಿ. ಹೋದ ತಿಂಗಳು ನಮ್ಮಲ್ಲಿಗೆ ಎಷ್ಟು ಸಲ ಬಂದಿರಿ, ಯಾರ ಮನೆಗೆ ಬಂದಿರಿ ಎಂದು ಕೇಳಿ. ಅವರು ಸರಾಸರಿ ಎಂದು ಶುರು ಮಾಡಿದರೆ ಅಲ್ಲೇ ತಡೆಯಿರಿ. ಹೆಸರು ಕೇಳಿ. ಹೆಸರು ಹೇಳುವವರೆಗೆ ಫೋನ್ ಇಡಬೇಡಿ.